ಆರೋ ಒಂಬತ್ತೋ

ಸಿನಿಮಾ ನಾನು ನೋಡಿಲ್ಲ.
ಟಾಕೀಸಿನ ಗೋಡೆಯ ಈಚೆ ನನ್ನ ಸ್ಟ್ಯಾಂಡು.
ಸೈಕಲ್ಲಿಗೆ ಎಂಟಾಣೆ, ಗಾಡಿಗೆ ಒಂದು ರೂಪಾಯಿ,
ತಗಡಿನ ಬಿಲ್ಲೆ, ಅದಕ್ಕೊಂದು ದಾರ.
ಅರಸೀಕೆರೆಗೆ ಹಿಂದಿ ಪಿಕ್ಚರು ಬರೋದೇ ಅಪರೂಪ;
ಬಂದರೆ ಒಂದು ವಾರ, ಎಳೆದರೆ ಹತ್ತು ದಿನ.

ನೋಡದಿದ್ದರೇನು, ಕೇಳಿಸಿಕೊಂಡಿದ್ದೇನೆ.
ಇದರಲ್ಲಿ ಎರಡು ನಗು.
ಮೊದಲನೆಯದು ರೈಲ್ವೆ ಕಾಲೋನಿಯವರದು,
ಮೊಹಲ್ಲಾದವರದು, ಮಾತು ತಿಳಿದವರ ನಗು,
ಸಾಸಿವೆ ಸಿಡಿದ ಹಾಗೆ ಚಟ್ ಅಂತ.
ಒಂದುಸಿರು ಬಿಟ್ಟು ಎರಡನೆಯದು:
ಮಂಡಿಯವರು, ಗಂಡಸಿ ಕಡೆಯವರು,
ನಕ್ಕವರನ್ನು ನೋಡಿ ನಕ್ಕವರು.
ಇದೇ ದೊಡ್ಡದು. ಮಾಡಿನ ಷೀಟು ಅದುರೋದು ಇದಕ್ಕೇ.
ಎರಡೂ ಅಡಗಿ, ಮಾತು ಬೇರೆಲ್ಲಿಗೋ ಹೋದ ಮೇಲೆ
ಗಾಂಧಿಕ್ಲಾಸಿನಿಂದ ಒಂದೇ ಗಂಟಲು,
ಹ್ಹೆ.
ಯಾರದು ಅಂತ ಆರು ದಿನವಾದರೂ ಹತ್ತಲಿಲ್ಲ.

ಷೋ ಬಿಟ್ಟರೆ ಕಥೆ ತುಂಡು ತುಂಡಾಗಿ ಹೊರಗೆ ಬರುತ್ತೆ.
ಕೊಬ್ಬರಿ ಮಂಡಿಯ ಓಂಕಾರಪ್ಪ ಕಾಲಲ್ಲಿ ಪೆಡಲು ಹುಡುಕುತ್ತ:
"ಭಾವಮೈದನನ್ನ ಇನ್ಸ್‌ಪೆಕ್ಟರು ಅಂದ್ಕೊಂಡು
ಮನೆಯವರೆಲ್ಲ ಚಿನ್ನ ಬಚ್ಚಿಡ್ತಾರೆ ಹೊನ್ನಕ್ಕ,
ಮೈದಾ ಹಿಟ್ಟಿನ ಡಬ್ಬಕ್ಕೆ!"
ಬೆನ್ನಿಗೇ ಖುತೇಜಾಬಿ: "ಇನ್ಸ್‌ಪೆಕ್ಟರಲ್ಲ, ಅಡುಗೆಯವನು.
ಚಿನ್ನಾನೂ ಅಲ್ಲ, ಕಾಗದ.
ಈ ಜನ ಏನು ನೋಡಿದರೋ, ಯಾ ಅಲ್ಲಾ."
ಲೋಕನಾಥ ಮೇಷ್ಟ್ರು ಮಂಕಿಟೋಪಿಯೊಳಗಿಂದ:
"ಒಬ್ಬ ಒಂದು ಮಾತು ಕೇಳಿದ್ದರೆ ಹತ್ತು ನಿಮಿಷಕ್ಕೆ ಮುಗೀತಿತ್ತು.
ಎರಡೂವರೆ ಗಂಟೆ ಯಾರೂ ಕೇಳೋದಿಲ್ಲ. ಅಸಂಬದ್ಧ."
ಅಸಂಬದ್ಧ ಅಂದದ್ದು ಇದು ಮೂರನೇ ಸಲ,
ಮೂರನೇ ಟಿಕೆಟ್ಟಿಗೆ.

ಟೈಲರ್ ಸತ್ಯವೇಲುಗೆ ಹೀರೋನ ಕೋಟಿನ ಮೇಲೆ ಸಿಟ್ಟು:
"ಬಾಗಿಲೊಳಗೆ ಹೋಗುವಾಗ ಮೂರು ಗುಂಡಿ, ಬರುವಾಗ ಎರಡು."
ಅದೂ ಕಥೆಯ ಎಡವಟ್ಟೇ ಏನೋ, ಕೋಟು ಬದಲಾಗಿರಬಹುದು ಅಂದೆ.
ಬಿಲ್ಲೆ ಕೊಡೋದು ಮರೆತು ನಿಂತೇಬಿಟ್ಟ.
ಯಾರದೋ ಮಗು ಹೆಗಲ ಮೇಲಿಂದ ಕೂಗಿತು,
ಮೀಸೆ ಬೋಳಿಸಿದರೆ ನಾಯಿಗೆ ಗುರುತು ಸಿಕ್ತು, ಹೆಂಡ್ತಿಗೆ ಸಿಗಲಿಲ್ಲ!

ನಗದೆ ಬಂದವಳು ಬಾಣಾವರದ ಸರ್ವಮಂಗಳ.
ಚೆನ್ನಾಗಿರಲಿಲ್ವಾ?
"ಚೆನ್ನಾಗಿತ್ತು. ನಮ್ಮನೇಲೂ ಹೀಗೇ ಆಯ್ತಲ್ಲ.
ಅಕ್ಕನ್ನ ನೋಡೋಕೆ ಬಂದ ಗಂಡು
ಯಜಮಾನರ ಹೆಸರು ಒಂದೇ ಅಂತ
ಎದುರು ಮನೆಗೆ ಹೋಗಿ ಕೂತು,
ಉಪ್ಪಿಟ್ಟು ತಿಂದು, ಅಲ್ಲೇ ಒಪ್ಪಿಬಿಟ್ಟ.
ಇಲ್ಲಿ ಕೊನೇ ರೀಲಿಗೆ ಎಲ್ಲಾ ಒಂದೇ ಕೋಣೆಗೆ ಬರ್ತಾರೆ ನೋಡಿ.
ನಮಗೆ ಆ ಕೋಣೆ ಸಿಗಲಿಲ್ಲ."
ಅಕ್ಕ ಅಂದಳು.
ಗಂಡ ಆಚೆ ಸ್ಕೂಟರು ವಾಲಿಸಿ ವಾಲಿಸಿ ಒದೆಯುತ್ತಿದ್ದ.
ಅಕ್ಕನೇ ಇರಬಹುದು.

ಏಳನೇ ದಿನ, ಸೆಕೆಂಡ್ ಷೋ, ಕರೆಂಟಿಲ್ಲ.
ಬ್ಯಾಟರಿ ಬೆಳಕಲ್ಲಿ ಬಿಲ್ಲೆ ನೋಡಿ ನೋಡಿ ಗಾಡಿ ಬಿಟ್ಟೆ.
ಕೊನೆಗೆ ಉಳಿದದ್ದು ಒಂದು ಲೂನಾ, ಒಬ್ಬ ಮನುಷ್ಯ,
ಗ್ಯಾಂಗ್‌ಮನ್ ಕಾಳಯ್ಯ.
ಗಾಡಿಯ ಚೀಲದಲ್ಲಿ ಹತ್ತನೇ ಕ್ಲಾಸಿನ ಗಣಿತದ ಉತ್ತರಪತ್ರಿಕೆ.
ಅವನ ಕೈಯ ಬಿಲ್ಲೆ ಹೀಗೆ ಹಿಡಿದರೆ ಆರು,
ಹಾಗೆ ಹಿಡಿದರೆ ಒಂಬತ್ತು.
ಅವನ ನೀಲಿ ಲೂನಾ, ಹಿಂದಿನ ಡಬ್ಬಿಯಲ್ಲಿ ರಾತ್ರಿ ಪಾಳಿಯ ಮುದ್ದೆ ಸಮೇತ,
ಆಗಲೇ ಹುಳಿಯಾರು ರಸ್ತೆ ದಾಟಿತ್ತು.
ಮೇಷ್ಟ್ರು ಒಂದು ಮಾತು ಕೇಳಿರಲಿಲ್ಲ.
ನಾನೂ.

ತಪ್ಪಾಯ್ತು ಕಾಳಯ್ಯ, ಬೆಳಿಗ್ಗೆ ತರಿಸಿಕೊಡ್ತೀನಿ ಅಂದೆ.
ಅವನು ಬಿಲ್ಲೆ ನೋಡಿದ. ಗಾಡಿ ನೋಡಿದ.
ಸ್ಟೇಷನ್ನಿನಲ್ಲಿ ಯಾವುದೋ ಗೂಡ್ಸು ಕೂಗಿ ಸುಮ್ಮನಾಯಿತು.
ನಾನು ಗೇಟಿನ ಚಿಲಕ ಹಾಕಿ, ದುಡ್ಡು ಎಣಿಸಿ, ಗಂಟು ಕಟ್ಟಿ
ತಿರುಗುವಷ್ಟರಲ್ಲಿ, ಹಿಂದಿನಿಂದ,
ಹ್ಹೆ.

ನಾಳೆಯಿಂದ ಕನ್ನಡ ಪಿಕ್ಚರು.
ಅದಕ್ಕೆ ಒಂದೇ ನಗು.