ನಲವತ್ಮೂರನೆಯ ಹನಿ

ಚಾಮರಾಜಪೇಟೆ ಕಾಲೇಜಿನ ಎರಡನೇ ಮಹಡಿ.
ಲ್ಯಾಬಿನಲ್ಲಿ ನಾನು, ಅಟೆಂಡರ್ ಮರಿಸ್ವಾಮಿ,
ಅರವತ್ತು ಖಾಲಿ ಸ್ಟೂಲು.
ಫೋನಿಗೆ ಸ್ಟ್ಯಾಂಡಿಲ್ಲ, ಮರಿಸ್ವಾಮಿಯ ಕೈಯೇ.
ಉಸಿರೆಳೆದರೆ ಬ್ಯೂರೆಟ್ಟು ತುಸು ಮೇಲೆ,
ಬಿಟ್ಟರೆ ಕೆಳಗೆ.
ಅಲ್ಲಾಡಬೇಡಿ ಅಂದರೆ
"ಶುಗರ್ ಕೈ ಮೇಡಂ, ಇಷ್ಟೇ ನಿಲ್ಲೋದು."

ಅಮೋನಿಯಾ ಸೀಸೆ ತೆರೆದು
ಕಣ್ಣು ಒರೆಸಿಕೊಂಡೆ.
ಆ ಕಡೆಯಿಂದ ಯಾರೋ ಟೈಪು ಮಾಡಿದರು:
ಮಿಸ್, ಅಳ್ತಿದೀರಾ?
ಹೇಗೆ ಹೇಳಲಿ, ಈ ವಿದ್ಯೆಯಲ್ಲಿ ಅರ್ಧ
ಮೂಗಿನಿಂದ ಬರುವುದು,
ಉಳಿದದ್ದರಲ್ಲಿ ಸ್ವಲ್ಪ ಸುಟ್ಟ ಬೆರಳಿನಿಂದ.

ಪಿಂಕ್ ಬರುವ ಹೊತ್ತು. ಒಂದೊಂದೇ ಹನಿ.
ನೋಡಿ, ಈಗ, ಈಗ, ಎಂದೆ.
ಅಷ್ಟರಲ್ಲಿ ಚಿತ್ರ ನಿಂತಿತಂತೆ.
ಮತ್ತೆ ಬಂದಾಗ ಪಾತ್ರೆಯ ತುಂಬ
ಮದುವೆ ಮನೆಯ ಗುಲಾಬಿ ಶರಬತ್ತು.
ಬಣ್ಣವಿಲ್ಲದ್ದಕ್ಕೂ ಬಣ್ಣಕ್ಕೂ ನಡುವಿನ ಒಂದು ಗಳಿಗೆ,
ಅದನ್ನು ತೋರಿಸಲೆಂದೇ ಸಂಬಳ ಎಣಿಸುವವಳು ನಾನು,
ಮೈಸೂರು ರಸ್ತೆಯ ಯಾವ ಕಂಬದಲ್ಲಿ
ಸಿಕ್ಕಿಕೊಂಡಿತೋ.

ಪಾದರಾಯನಪುರದಿಂದ ಜಬೀನ್ ತಾಜ್ ಮೈಕು ತೆರೆದಳು.
ಹಿಂದೆ ಕುಕ್ಕರ್ ಸೀಟಿ, ಹೊಲಿಗೆ ಮಿಷನ್ನು.
"ಮಿಸ್, ನಾನಿಲ್ಲೇ ಮಾಡ್ಲಾ?"
ಅವಳಮ್ಮ ಆಸ್ಪತ್ರೆಯಲ್ಲಿ ಆಯಾ.
ತಾರೀಖು ಮೀರಿದ ಡ್ರಿಪ್ ಪೈಪೊಂದು
ಕಿಟಕಿ ಸರಳಿನಿಂದ ಇಳಿಬಿದ್ದಿದೆ,
ಪುಟ್ಟ ಚಕ್ರ ಸಡಿಲಿಸಿದರೆ ಹನಿ, ಬಿಗಿದರೆ ಇಲ್ಲ.
ಒಳಗೆ ಅಜ್ಜಿಯ ಎಲೆಡಬ್ಬಿ ಸುಣ್ಣದ ತಿಳಿನೀರು.
ಕೆಳಗೆ ಗಾಜಿನ ಲೋಟ:
ನೀರು, ಎರಡು ಹನಿ ನಿಂಬೆ, ಚಿಟಿಕೆ ಅರಿಶಿನ.
ಮೂವತ್ತೊಂದು, ಮೂವತ್ತೆರಡು,
ತಮ್ಮ ಜೋರಾಗಿ ಎಣಿಸುತ್ತಾನೆ,
ಯಾರದೋ ಜ್ವರ ಇಳಿಯಲೆಂದು ಕಾಯುವಂತೆ
ಇಡೀ ಮನೆ ಆ ಪೈಪಿನ ಸುತ್ತ ನಿಂತಿದೆ.

"ಬಂತು ಮಿಸ್, ಕೆಂಪು ಬಂತು!"
ನನಗೆ ಕಂಡದ್ದು ಬೂದು ಚೌಕಗಳು,
ಒಂದು ಬಳೆ, ಲೋಟದ ಅಂಚು.
ಯಾವ ಕೆಂಪು ಅಂತ ಕೇಳಬೇಕಿತ್ತು.
ಕೇಳಲಿಲ್ಲ.
ಹಿತ್ತಾಳೆ ತಟ್ಟೆಯಲ್ಲಿ ಅಮ್ಮ ಕದಡುತ್ತಿದ್ದ
ಓಕುಳಿಯ ಕೆಂಪು,
ಬಾಣಂತಿ ಮಗುವಿಗೆ ಮೂರು ಸಲ ಸುತ್ತಿ
ಬಾಗಿಲಾಚೆ ಚೆಲ್ಲುತ್ತಿದ್ದದ್ದು.
ಅರಿಶಿನ, ಸುಣ್ಣ. ಅದೇ.
ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ.

"ಎಷ್ಟು ಹನಿ?"
"ನಲವತ್ಮೂರು. ಇವನು ನಲವತ್ನಾಲ್ಕು ಅಂತಾನೆ."
ಎರಡನ್ನೂ ಬರಿ, ಅಂದೆ.

ಗಂಟೆ ಹೊಡೆಯಿತು, ಯಾರಿಗೋ.
ಮರಿಸ್ವಾಮಿ ಫೋನನ್ನು ಮೇಜಿನ ಮೇಲೆ
ಬೋರಲಾಗಿ ಮಲಗಿಸಿ ಕೈ ಕೊಡವಿಕೊಂಡರು.
ಆಮೇಲೆ, ಯಾರೂ ಮುಟ್ಟದ ಮೂವತ್ತು ಬ್ಯೂರೆಟ್ಟುಗಳನ್ನು
ವಾಡಿಕೆಯಂತೆ ತೊಳೆಯಲು ಹೋದರು.

ಕ್ಲಾಸು ಮುಗಿಸುವುದನ್ನು ಮರೆತಿದ್ದೆ.
ಹನ್ನೊಂದು ಮಕ್ಕಳು ಇನ್ನೂ
ನಮ್ಮ ಫ್ಯಾನು ತಿರುಗುವುದನ್ನು ನೋಡುತ್ತಿದ್ದರು.