ಬಟ್ಟೆ ಹಗ್ಗದ ಮನೆ

ವಡಾಲ ಸ್ಟೇಷನ್ ಹಿಂದಿನ ಬೀದಿ,
ಮೂರನೆ ಮಹಡಿಯ ಬಾಲ್ಕನಿ ನಮ್ಮದು.
ಅಮ್ಮನ ಬಟ್ಟೆಯ ಹಗ್ಗದ ತುದಿಗೆ
ಏನೋ ಕಸವದು ಜೋತಿತ್ತು.
ಪೊರಕೆಯ ಹಿಡಿದೇ ಬಂದಳು ಅಮ್ಮ.
"ಥಾಂಬಾ! ಥಾಂಬಾ!" ಕೂಗಿದರಲ್ಲಿ
ಆಚೆಯ ಕಿಟಕಿಯ ಗೋದಾ ಕಾಕು:
"ಕಸ ಅಲ್ಲಮ್ಮಾ, ಹಕ್ಕಿಯ ಮನೆಯದು!"

ಹೌದೇ ಹೌದು, ಸೂರಕ್ಕಿ!
ಅಂಗೈಯಷ್ಟೂ ಇಲ್ಲದ ಹಕ್ಕಿ.
ಹೊಟ್ಟೆಗೆ ಅರಿಶಿನ, ಬೆನ್ನಿಗೆ ಮಣ್ಣು,
ಕೊಕ್ಕೋ ಬಾಗಿದ ಸೂಜಿಯ ಹಾಗೆ.
ಗಂಡಿನ ನೆತ್ತಿಗೆ ಹಸಿರಿನ ಮಿಂಚು,
ಕೆಲಸವ ಬಿಟ್ಟು ತಂತಿಯ ಮೇಲೆ
ಹಾಡೇ ಹಾಡು, ಹಾಡೇ ಹಾಡು!

ಹೆಣ್ಣೇ ಹೆಣೆದಳು ಗೋಡೆಯನೆಲ್ಲ.
ಏನೇನಿಟ್ಟಳು ಗೋಡೆಗೆ? ಕೇಳಿ:
ಜೇಡರ ನೂಲು, ಒಣಗಿದ ಹೂವು,
ದರ್ಜಿಯ ಅಂಗಡಿ ಕೆಂಪಿನ ದಾರ,
ಲೋಕಲ್ ಟ್ರೇನಿನ ಟಿಕೆಟಿನ ಚೂರು.
"ಪನ" ಅನ್ನೋದು ಗೂಡಲ್ಲಿತ್ತು,
"ವೇಲ್" ಅನ್ನೋದು ಎಲ್ಲಿ ಹೋಯ್ತೋ!
ಬಾಗಿಲ ಮೇಲಕೆ ಪುಟ್ಟನೆ ಸೂರು,
ಮೆತ್ತೆಗೆ ಹತ್ತಿ.

ಅಂದಿನಿಂದ ಅಪ್ಪನ ಪ್ಯಾಂಟು ಬಾಗಿಲ ಮೇಲೆ,
ವಿಭುವಿನ ಚಡ್ಡಿ ಟೀವಿಯ ಮೇಲೆ.

ತಾಯಿಯು ಹೊರಗಡೆ ಹೋದಾಗೊಮ್ಮೆ
(ಒಮ್ಮೆ ಮಾತ್ರ, ಕಾಕುವಿನಾಣೆ!)
ಅಪ್ಪನ ಗಡ್ಡದ ಕನ್ನಡಿ ಕಟ್ಟಿ
ಕೋಲಿನ ತುದಿಗೆ, ದೂರದೆ ನೋಡಿದೆ.
ಒಳಗಡೆ ಎರಡೇ ಎರಡು ಮೊಟ್ಟೆ,
ಗೋಡಂಬಿಗಿಂತ ಚೂರೇ ದಪ್ಪ,
ಮೈತುಂಬ ಮಸಿಯ ಚುಕ್ಕಿ.

"ಒಳಗಡೆ ಮರಿಗೆ ಊಟ ಯಾರು ಕೊಡ್ತಾರೆ?"
ವಿಭುವಿನ ಪ್ರಶ್ನೆ. ಅಪ್ಪ ಹೇಳಿದ:
"ಮೊಟ್ಟೆಯ ಹಳದಿಯೆ ಮರಿಯ ಡಬ್ಬಾ.
ಆಫೀಸಿಗೆ ನಾನೊಯ್ಯುವ ಹಾಗೆ
ಬರುವಾಗಲೇ ಕಟ್ಟಿ ತಂದಿದೆ.
ತಿನ್ನುತ ತಿನ್ನುತ ಡಬ್ಬಾ ಖಾಲಿ,
ಮೊಟ್ಟೆಯ ತುಂಬ ಮರಿಯೇ ಭರ್ತಿ!"

ತಾಯಿ ಕಾವಿಗೆ ಕೂತಳು. ಹೊರಗೆ
ಕೊಕ್ಕಿನ ತುದಿಯಷ್ಟೇ ಕಾಣುತ್ತಿತ್ತು.
ಹಾಲಿನ ಲೆಕ್ಕದ ಕ್ಯಾಲೆಂಡರಲ್ಲಿ
ದಿನಕ್ಕೊಂದು ಗೀಟು ಎಳೆದೆ ನಾನು.
ತಿಂಗಳ ಕೊನೆಗೆ ಹಾಲಿನ ಭಯ್ಯಾ
ಹದಿನೈದು ಲೀಟರ್ ಜಾಸ್ತಿ ಬರೆದ!

ಹದಿನೈದನೆ ದಿನ, ಚಿಪ್ಪಿನ ಒಳಗೆ
ಟಿಕ್. ಟಿಕ್. ಟಿಕ್.
ಕೊಕ್ಕಿನ ಮೇಲೆ ಪುಟಾಣಿ ಹಲ್ಲು,
ಚಿಪ್ಪನು ಕೊರೆಯಲು ಅಷ್ಟೇ ಸಾಕು.
ಆಮೇಲೆ ಆ ಹಲ್ಲೂ ಉದುರುತ್ತದಂತೆ,
ನನ್ನದರ ಹಾಗೇ.

ಗರಿಯೂ ಇಲ್ಲ, ಕಣ್ಣೂ ತೆರೆದಿಲ್ಲ,
ಇರುವುದು ಎಲ್ಲಾ ಬಾಯೇ ಬಾಯಿ!
"ವಿಭು ಹುಟ್ಟಿದಾಗಲೂ ಹೀಗೇ ಇದ್ದ,"
ಅಮ್ಮ ನಕ್ಕಳು. ವಿಭು ನಗಲಿಲ್ಲ.

ಇನ್ನೊಂದು ಮೊಟ್ಟೆ ಒಡೆಯಲೇ ಇಲ್ಲ.
ಯಾಕೆ ಅಂತ ಅಪ್ಪನಿಗೂ ಗೊತ್ತಿಲ್ಲ.
ಕಾಕು ಮಾತ್ರ
"ಒಂದೊಂದು ಸಲ ಹಾಗೇ," ಎಂದರು,
ನನ್ನ ತಲೆ ಸವರಿದರು.

ಈಗ ನೋಡಿ, ಹಾಡುತ ಕೂತಿದ್ದ
ಅಪ್ಪಹಕ್ಕಿಗೂ ಬಂತು ಕೆಲಸ!
ಹೂವಿನ ಜೇನು ತಮಗೆ, ಮರಿಗೆ
ಸೊಳ್ಳೆ, ನುಸಿ, ಸಣ್ಣ ಜೇಡ.
ತಿನಿಸು ಕೊಟ್ಟು ಹೋಗುವಾಗ
ಮರಿಯ ಕಕ್ಕ ಕೊಕ್ಕಲಿ ಹಿಡಿದು
ಹೊರಗೆ ಒಯ್ದು ಬಿಸಾಡಿದ.
ಕೆಳಗಿನ ಮನೆಯವರಿಗೆ ಹೇಳಬೇಡಿ!

ಗರಿಗಳು ಮೊದಲು ಕಡ್ಡಿಯ ಹಾಗೆ,
ಆಮೇಲೊಂದಿನ ಕೊಡೆ ಬಿಚ್ಚಿದ ಹಾಗೆ.
ಮತ್ತೆ ಹದಿನೇಳು ಗೀಟಾದ ಮೇಲೆ
ಹುಳವನು ಹಿಡಿದು ಅಪ್ಪ ಅಮ್ಮ
ಎದುರಿನ ಹೊಂಗೆಯ ಮರದಲಿ ಕೂತು
"ಚಿಟ್! ಚಿಟ್!" ಕರೆದರು. ಒಳಗೆ ಬರಲಿಲ್ಲ.

ಮರಿ ಇಣುಕಿತು. ಮತ್ತೆ ಒಳಗೆ.
ಮತ್ತೆ ಇಣುಕಿತು.
ಪುರ್ರ್!
ಹಾರಿದ್ದಲ್ಲ, ಬಿದ್ದದ್ದು!
ಗೋದಾ ಕಾಕು ಒಣಗಲು ಇಟ್ಟ
ಹಪ್ಪಳದ ಮೇಲೆ!
ಒಂದು ನಿಮಿಷ ಹಾಗೇ ಕೂತು
ಎದೆ ಡವಡವ, ರೆಕ್ಕೆ ನಡುಗಿ,
ಆಮೇಲೆ ನೋಡಿ, ಹೊಂಗೆಯ ಮರಕೆ
ನಿಜವಾಗಿಯೂ ಹಾರಿತು.

ಗೂಡು ಖಾಲಿ. ಆದರೂ ಅಮ್ಮ
ಬಟ್ಟೆ ಹಾಕಲಿಲ್ಲ ಅಲ್ಲಿ.

ಮತ್ತೆ ಬೇಸಗೆ ಬಂತು. ಒಂದು ಸೂರಕ್ಕಿ
ವಿಭುವಿನ ಒಣಗಿದ ಕಾಲ್ಚೀಲದಿಂದ
ನೂಲು ಎಳೆಯುತಿತ್ತು.
"ಹಪ್ಪಳದ ಮೇಲೆ ಬಿದ್ದವಳು ನೀನೇನಾ?"
ಕೇಳಿದೆ. "ಚಿಟ್" ಅಂದಳು.
ಹೌದೋ ಅಲ್ಲವೋ, ಯಾರಿಗೆ ಗೊತ್ತು.

ವಿಭು ಇನ್ನೊಂದು ಕಾಲ್ಚೀಲವನ್ನೂ
ಮೆಲ್ಲಗೆ ತಂದು ಪಕ್ಕಕ್ಕಿಟ್ಟ.