ಮೂರು ಗಂಟೆಗೊಮ್ಮೆ

ಹನ್ನೊಂದು, ಎರಡು, ಐದು.
ಅಲಾರಾಂ ಹೊಡೆದಾಗೆಲ್ಲ ಒಬ್ಬರು ತಲೆ ಹಿಡಿಯಬೇಕು,
ಒಬ್ಬರು ಹನಿ ಬಿಡಬೇಕು.
ನಾನು ತಲೆ. ವಾರಿಜ ಹನಿ.
ಮಗನ ಮೈಯೊಳಗಿನ ಸೀಸವೋ ಪಾದರಸವೋ ಎಂಥದೋ ಒಂದು
ಕರಗಿ ಹೊರಗೆ ಹೋಗುವ ಲೆಕ್ಕ.

ಸಾಲ್ಮಿಯಾದ ಆ ಹೆಂಗಸಿಗೆ ನಾವೆಲ್ಲ ಡಾಕ್ಟರಮ್ಮ ಅನ್ನುತ್ತೇವೆ.
ಗೋಡೆಯ ಮೇಲೆ ಸರ್ಟಿಫಿಕೇಟು ಇದೆ, ಎಲ್ಲಿಯದೆಂದು ಓದುವಷ್ಟು
ಹತ್ತಿರ ನಾನು ಹೋಗಲಿಲ್ಲ. ಹೋಗಬಹುದಿತ್ತು.
"ಕಚ್ಚುತ್ತಾನಾ? ಒಳ್ಳೆಯದೇ. ವಿಷ ಏಳುತ್ತಿದೆ" ಅಂದಳು.
ಮೂವತ್ತು ದಿನಾರಿನ ಸೀಸೆ.
ಪ್ರಸಾದದ ಹಾಗೆ ಎರಡೂ ಕೈ ಒಡ್ಡಿ ತೆಗೆದುಕೊಂಡೆವು.

ಏಳು ವರ್ಷದ ಮನ್ವಿತನಿಗೆ ಮಾತಿಲ್ಲ.
ಮೊದಲು ಬೇಜಾರಾದರೆ ವಾಷಿಂಗ್ ಮೆಷಿನ್ನಿನೆದುರು ಕೂತು
ಅದರ ದುಂಡು ಕಣ್ಣಿನೊಳಗೆ ಬಟ್ಟೆ ತಿರುಗುವುದನ್ನು ನೋಡುತ್ತಿದ್ದ, ಅಷ್ಟೇ.
ಹನಿ ಶುರುವಾದ ವಾರ ದಿಂಬು ಹರಿದ.
ಮರುವಾರ ಅವಳ ಮೊಣಕೈ, ನನ್ನ ಕನ್ನಡಕ,
ಆಮೇಲೆ ಗೋಡೆಗೆ ತನ್ನದೇ ಹಣೆ.
ವಾರಿಜ ಜೂನ್ ತಿಂಗಳಲ್ಲೂ ತುಂಬುತೋಳು ತೊಡುತ್ತಾಳೆ.
"ಚೇಚಿ, ಚಳಿಯಾ?" ಎಂದು ಬಕಾಲಾದವನು ನಗುತ್ತಾನೆ.
ನನಗೆ ಕಂಪನಿಯ ಡಾಂಗ್ರಿ ಇದೆ, ಕುತ್ತಿಗೆವರೆಗೆ ಜಿಪ್ಪು.

ಕೆಳಗಿನ ಮನೆಯ ಈಜಿಪ್ಟಿನವಳು ಪೊರಕೆ ಹಿಡಿಯಿಂದ ಸೂರು ಕುಟ್ಟುತ್ತಾಳೆ.
ಅವಳಿಗೂ ಬೆಳಿಗ್ಗೆ ಡ್ಯೂಟಿ. ನನಗೆ ಸಿಟ್ಟು ಬರುವುದಿಲ್ಲ.
ಸಿಟ್ಟು ಎಲ್ಲಿ ಹೋಯಿತೆಂದು ಗೊತ್ತು:
ಒಂದು ರಾತ್ರಿ ಎರಡರ ಹನಿಗೆ, ಅವನ ದವಡೆ ಹಿಡಿದ ಹೆಬ್ಬೆರಳಿಗೆ
ಬೇಕಾದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚು ಬಲ ಬಂತು.
ವಾರಿಜ ನೋಡಿದಳು.
ನೋಡದವಳ ಹಾಗೆ ಮುಚ್ಚಳ ತಿರುಗಿಸಿದಳು.

ನನ್ನ ಕೆಲಸ ರಿಫೈನರಿಯಲ್ಲಿ ಮುಳ್ಳು ನೋಡುವುದು.
ಮುಳ್ಳು ಕೆಂಪಿಗೆ ಹೋದರೆ ಒಳಗೇನೋ ಶುದ್ಧವಾಗುತ್ತಿದೆ
ಎಂದು ಯಾರೂ ಹೇಳಿಕೊಟ್ಟಿಲ್ಲ.
ವಾಲ್ವು ಮುಚ್ಚು, ಫೋನ್ ಮಾಡು, ಓಡು.
ಹದಿನಾಲ್ಕು ವರ್ಷ ಇದನ್ನೇ ಮಾಡಿದವನು
ಮನೆಗೆ ಬಂದು ಮಗನ ಕಣ್ಣಿನ ಕೆಂಪು ನೋಡಿ
ಒಳ್ಳೆಯದೇ, ಒಳ್ಳೆಯದೇ, ಅಂದುಕೊಂಡೆ.
ಫಹಾಹೀಲಿನ ಈ ಕಿಟಕಿಗೆ ಫ್ಲೇರಿನ ಬೆಂಕಿ ಕಾಣುತ್ತದೆ.
ನಿದ್ದೆಯಿಲ್ಲದೆ ಅವನು ಅದನ್ನೇ ನೋಡುತ್ತಾನೆ,
ಅದು ಅವನನ್ನು.

ನಿನ್ನೆ ಅಲಾರಾಂ ಕಾಣೆ.
ಎರಡು ಗಂಟೆಗೆ ಕೂಗಿತು, ಯಾವುದೋ ಬಾವಿಯೊಳಗಿಂದ ಎಂಬ ಹಾಗೆ.
ಮಂಚದಡಿ ನೋಡಿದೆವು, ಫ್ರಿಜ್ಜಿನ ಹಿಂದೆ, ಚಪ್ಪಲಿ ರಾಶಿಯಲ್ಲಿ.
ಕಡೆಗೆ ವಾರಿಜ ಕುಚ್ಚಲಕ್ಕಿ ಡ್ರಮ್ಮಿಗೆ ಮೊಣಕೈವರೆಗೆ ಕೈ ಹಾಕಿ
ಹೊರಗೆಳೆದಳು, ಬಾಯಿ ಬಡಿದುಕೊಳ್ಳುತ್ತಲೇ ಇದ್ದ ಅದನ್ನು.
ಕಾಲುಚೀಲದಲ್ಲಿ ಸುತ್ತಿತ್ತು. ನನ್ನ ಕಾಲುಚೀಲ,
ಒಂದರೊಳಗೆ ಇನ್ನೊಂದು.
ಒಂದು ಕಾಳೂ ಚೆಲ್ಲದ ಹಾಗೆ ಹೂತಿದ್ದ.

ಬಾಗಿಲ ಬಳಿ ನಿಂತಿದ್ದ ಮನ್ವಿತ,
ತಲೆಯ ಮೇಲೆ ಎರಡೂ ಕೈ,
ನಾವು ಹಿಡಿಯುವ ಜಾಗವನ್ನು ತಾನೇ ಹಿಡಿದುಕೊಂಡು.

ಮಾತು ಬರಲಿ ಎಂದಲ್ಲವೇ ಇಷ್ಟೆಲ್ಲ?
ಬಂದಿತ್ತು.
ಅಕ್ಕಿಯಡಿಯಲ್ಲಿ ಕೂಗುತ್ತಿತ್ತು.

ವಾರಿಜ ಬ್ಯಾಟರಿ ತೆಗೆದಳು. ಹನಿ ಬಿಡಲಿಲ್ಲ.
ಸೀಸೆ ಇನ್ನೂ ಫ್ರಿಜ್ಜಿನಲ್ಲಿದೆ, ಮೊಟ್ಟೆಗಳ ಪಕ್ಕ;
ಎಸೆಯಲು ಹೋದ ಕೈ
ಮೂವತ್ತು ದಿನಾರು ಎಂದು ಹಿಂದೆ ಬಂತು.
ಅವನೂ ಒಂದೇ ರಾತ್ರಿಗೆ ಮೆತ್ತಗಾದನೆಂದಲ್ಲ,
ಹಾಸಿಗೆಗೆ ಕರೆದೊಯ್ಯುವಾಗ ನನ್ನ ಮಣಿಕಟ್ಟು ಕಚ್ಚಿದ.
ಕಚ್ಚಿ, ಹಲ್ಲು ಬಿಡದೆ, ನನ್ನ ಮುಖ ನೋಡಿದ.
ನಾನು ಒಳ್ಳೆಯದೇ ಅನ್ನಲಿಲ್ಲ.
ನೋವಾಗುತ್ತದೆ ಮಗಾ, ಅಂದೆ.

ಐದಕ್ಕೆ ಮೂವರಿಗೂ ತಾನಾಗಿಯೇ ಎಚ್ಚರ.
ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ.
ವಾರಿಜ ಒಂದು ಒಣ ಟವೆಲ್ಲು ಹಾಕಿ ಮೆಷಿನ್ ತಿರುಗಿಸಿದಳು.
ಬಾಂಗಿನ ಹೊತ್ತು; ತಣ್ಣನೆ ನೆಲ;
ಆ ದುಂಡು ಕಣ್ಣಿನೆದುರು ಸಾಲಾಗಿ ಕೂತೆವು.

ಕೆಳಗಿನಿಂದ ಪೊರಕೆ ಕುಟ್ಟಿತು.
ಒಂದೇ ಸಲ.